ಮೇಸ್ತ್ರಿಯ ಬೆನ್ನು

ನರ್ಸಿಂಗ್ ಎರಡನೇ ವರ್ಷದ ಆ ಹುಡುಗಿಯನ್ನು ವಾರ್ಡಿನಲ್ಲಿ ಎಲ್ಲರೂ ಚೂಟಿ ಎನ್ನುತ್ತಿದ್ದರು. ಕೆಲಸದಲ್ಲಿ ಎತ್ತಿದ ಕೈ. ಹಾಸಿಗೆ ಹಾಸಿದರೆ ಒಂದು ಸುಕ್ಕಿಲ್ಲ, ಸೂಜಿ ಚುಚ್ಚಿದರೆ ರೋಗಿಗೆ ಗೊತ್ತೇ ಆಗದು. ತನ್ನ ಕೆಲಸಕ್ಕೆ ಬೇರೆಯವರ ಕೈ ಸೋಕಿದರೆ ಮಾತ್ರ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅದನ್ನು ಯಾರೂ ದೋಷ ಎನ್ನಲಿಲ್ಲ. ಅಚ್ಚುಕಟ್ಟು ಎಂದು ಬೆನ್ನು ತಟ್ಟಿದರು.

ಸಮಾಜಕಾರ್ಯ ಓದುತ್ತಿದ್ದ ಹುಡುಗನೊಬ್ಬ ಅದೇ ವಾರ್ಡಿಗೆ ತರಬೇತಿಗೆ ಬರುತ್ತಿದ್ದ. ಅವನು ಹೆಗಲಿಂದ ಚೀಲ ಇಳಿಸಿದ್ದನ್ನು ಕಂಡವರಿಲ್ಲ, ಹಾಗಾಗಿ ಅವನು ಜೋಳಿಗೆ. ಒಮ್ಮೆ ಎರಡೂ ತರಗತಿಗಳನ್ನು ಕೂಡಿಸಿ, ಆರೈಕೆ ಅಂದರೆ ಏನು ಎಂದು ಮೇಡಂ ಕೇಳಿದರು. “ರೋಗಿ ಮೈಮೇಲೆ ಒಂದು ಗೀರೂ ಬೀಳದ ಹಾಗೆ ನೋಡ್ಕೊಳ್ಳೋದು” ಎಂದಳು ಚೂಟಿ. “ಅವರನ್ನ ಅವರ ಮನೆಗೆ ಮುಟ್ಟಿಸೋದು” ಎಂದ ಜೋಳಿಗೆ. ಇಬ್ಬರಿಗೂ ಚಪ್ಪಾಳೆ ಬಿತ್ತು. 

ಆಗ ಮೂಲೆಯ ಹಾಸಿಗೆಯಲ್ಲೊಬ್ಬ ಗಾರೆ ಮೇಸ್ತ್ರಿ ಇದ್ದ. ಕಟ್ಟಡದ ಮೇಲಿಂದ ಬಿದ್ದು ಬೆನ್ನುಮೂಳೆ ಮುರಿದಿತ್ತು. ಸೊಂಟದ ಕೆಳಗೆ ಏನೂ ತಿಳಿಯುತ್ತಿರಲಿಲ್ಲ. “ಗೋಡೆಗಳನ್ನೆಲ್ಲ ನೆಟ್ಟಗೆ ನಿಲ್ಲಿಸಿ ನಾನೇ ಮಲಗ್ಬಿಟ್ಟೆ ನೋಡಮ್ಮ” ಎಂದು ಅವನೇ ನಗುತ್ತಿದ್ದ. ಅಂಥವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಒತ್ತಿದ ಜಾಗ ಕೊಳೆಯುತ್ತದೆ, ಮಲಗಿದವನಿಗೆ ಗೊತ್ತೂ ಆಗುವುದಿಲ್ಲ. ಚೂಟಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವನ ಬೆನ್ನು ಕಾಯ್ದಳು. ಅವನ ಹೆಂಡತಿ ಕೈಜೋಡಿಸಲು ಎದ್ದಾಗಲೆಲ್ಲ, “ಅಕ್ಕಾ, ನೀವು ಸ್ವಲ್ಪ ಆಚೆಗಿರಿ, ನಾನಿದೀನಲ್ಲ” ಎಂದು ಪರದೆ ಎಳೆಯುತ್ತಿದ್ದಳು.

ಇತ್ತ ಜೋಳಿಗೆ ಕಾಲಿಗೆ ಚಕ್ರ ಕಟ್ಟಿಕೊಂಡು ಅಲೆದ. ಗಾಲಿಕುರ್ಚಿ ದೊರಕಿಸಿದ, ಮೇಸ್ತ್ರಿಯ ಬಾಡಿಗೆ ಮನೆಯ ಬಾಗಿಲಿಗೆ ಇಳಿಜಾರು ಹಾಕಿಸಲು ಮುಖ ಗಂಟಿಕ್ಕಿದ್ದ ಮನೆಯೊಡೆಯನನ್ನು ಒಪ್ಪಿಸಿದ. ಡಿಸ್ಚಾರ್ಜ್ ದಿನ, “ಮನೆಯವರಿಗೆ ಎಲ್ಲಾ ಹೇಳ್ಕೊಟ್ಟಾಯ್ತಲ್ಲ?” ಎಂದು ಚೂಟಿಯನ್ನು ಕೇಳಿದ. “ಹೇಳಿದೀನಿ” ಎಂದಳು. ಬಾಯಲ್ಲಿ ಹೇಳಿದ್ದು ನಿಜ.

ಕೆಲವೇ ವಾರಗಳಲ್ಲಿ ಮೇಸ್ತ್ರಿ ಅದೇ ಗಾಲಿಕುರ್ಚಿಯಲ್ಲಿ ವಾಪಸು ಬಂದ. ಅವನಿಗಿಂತ ಮೊದಲು ವಾಸನೆ ಬಂತು. ಹೊರಳಿಸಿ ನೋಡಿದರೆ ಸೊಂಟದ ಹಿಂದೆ ಮೂಳೆ ಕಾಣುತ್ತಿತ್ತು. ಚೂಟಿಗೆ ತಲೆ ಕೆಟ್ಟುಹೋಯಿತು.

“ಎಂಥ ಮನುಷ್ಯರು ನೀವು! ಮಗ್ಗುಲು ಬದಲಿಸೋಕೂ ಆಗ್ಲಿಲ್ವಾ?”

“ಬದಲಿಸ್ತಿದ್ದೆ ಸಿಸ್ಟರಮ್ಮ” ಎಂದಳು ಹೆಂಡತಿ. “ಎಳೆದು ಎಳೆದು ಹೊರಳಿಸ್ತಿದ್ದೆ. ಚರ್ಮ ಕಿತ್ಕೊಂಡು ಬಂತು. ನೀವು ಹೇಗೆ ಮಾಡ್ತಿದ್ರಿ ಅಂತ ನಾನು ನೋಡೇ ಇಲ್ವಲ್ಲ.”

ಎಳೆಯಬಾರದು, ಎತ್ತಿ ಹೊರಳಿಸಬೇಕು ಎಂಬುದು ಚೂಟಿಯ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ, ಅದೂ ಹೇಳಬೇಕಾದ ಮಾತು ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ಮೆಟ್ಟಿಲ ಮೇಲೆ ಜೋಳಿಗೆ ತಲೆ ತಗ್ಗಿಸಿ ಕೂತಿದ್ದ. “ಮನೆಗೆ ಮುಟ್ಟಿಸಿದೆ. ಆಮೇಲೆ ಒಂದು ಸಲಾನೂ ಆ ಕಡೆ ತಲೆ ಹಾಕಲಿಲ್ಲ” ಎಂದ. ಚೂಟಿ ಅವನ ಪಕ್ಕದಲ್ಲಿ ಕೂತಳು. ನಂಜು ರಕ್ತಕ್ಕೆ ಏರಿತ್ತು, ಡಾಕ್ಟರು ಕೈಚೆಲ್ಲಿದ್ದರು.

ಮರುದಿನ ಬೆಳಗ್ಗೆ ಚೂಟಿ ಹೆಂಡತಿಯನ್ನು ಒಳಗೆ ಕರೆದಳು. ಮಡಿಚಿದ ಹೊದಿಕೆಯನ್ನು ಮೇಸ್ತ್ರಿಯ ಸೊಂಟದ ಕೆಳಗೆ ತೂರಿಸುವುದು, ಅಂಚು ಹಿಡಿದು ಮೊದಲು ಎತ್ತುವುದು, ಆಮೇಲೆ ಹೊರಳಿಸುವುದು, ಮೊಣಕಾಲ ನಡುವೆ ದಿಂಬಿಡುವುದು, ಎಲ್ಲವನ್ನೂ ಮಾಡಿ ತೋರಿಸಿದಳು. ಗಂಡನ ಜೊತೆ ಗಾರೆ ಬಾಣಲಿ ಹೊತ್ತ ತೋಳು ಅವಳದು. ಒಂದೇ ಸಲಕ್ಕೆ ಕಲಿತಳು.

“ಇಷ್ಟೇನಾ?” ಎಂದಳು.

“ಇಷ್ಟೇ ಅಕ್ಕ.”

ಮೇಸ್ತ್ರಿ ಮಧ್ಯಾಹ್ನದೊಳಗೆ ಹೋಗಿಬಿಟ್ಟ. ಅಷ್ಟರಲ್ಲಿ ಹೆಂಡತಿ ಅವನನ್ನು ತಾನೊಬ್ಬಳೇ ಇನ್ನೊಮ್ಮೆ ಹೊರಳಿಸಿದ್ದಳು. ಚೂಟಿ ಹೋಗಿ ನೋಡಿದಳು. ಒಂದು ತಪ್ಪೂ ಇರಲಿಲ್ಲ.