ಕಾವಿ ಬಳಿದ ಕಂಬ

೧೯೮೪ರ ಅಕ್ಟೋಬರಿನಲ್ಲಿ ವಿದ್ಯುತ್ ಕಚೇರಿಯ ತಪಾಸಣೆಯವರು ತಮಿಳುನಾಡಿನ ಪಲ್ಲಡದ ಹತ್ತಿರದ ನಮ್ಮ ಊರಿಗೆ ಬಂದರು. ನಮ್ಮ ಮನೆಯ ಮುಂದಿನ ಕಬ್ಬಿಣದ ಕಂಬದ ತುದಿಯಲ್ಲಿ ತಂತಿ ಹೊತ್ತಿದ್ದ ಪಿಂಗಾಣಿ ಬಿರುಕು ಬಿಟ್ಟಿತ್ತು. ಅದನ್ನು ಕಂಡುಹಿಡಿಯಲು ಅವರ ವಿದ್ಯೆಯೇನೂ ಬೇಕಿರಲಿಲ್ಲ. ಮಳೆ ಹನಿದಾಗ ಕಂಬ ಮುಟ್ಟಿದರೆ ಜುಮ್ಮೆನ್ನುತ್ತದೆಂದು ಅವ್ವ ಬೇಸಿಗೆಯಿಂದಲೂ ಹೇಳುತ್ತಿದ್ದಳು. ಅಧಿಕಾರಿ ಕತ್ತೆತ್ತಿ ನೋಡಿದರು. ಡಬ್ಬದ ಕೆಂಪು ಬಣ್ಣದಿಂದ ಕಂಬದ ನಡುವಿಗೆ ಒಂದು ಪಟ್ಟೆ ಎಳೆದರು.

"ಮಾರ್ಕ್ ಪೋಟ್ಟಾಚ್ಚುಮ್ಮಾ, ಆಳ್ ವರುಂ" ಎಂದರು. ಗುರುತು ಹಾಕಿಯಾಯಿತು, ಆಳು ಬರುತ್ತಾರೆ ಎಂದು. ಪಟ್ಟೆ ಎಳೆದದ್ದೇ ದೊಡ್ಡ ರಿಪೇರಿ ಎಂಬ ಗತ್ತಿನಲ್ಲಿ ಜೀಪು ಹತ್ತಿದರು.

ಕಂಬದ ಬುಡದಲ್ಲೇ ನಮ್ಮ ಎಮ್ಮೆಯ ಗೂಟವಿತ್ತು. ಎಮ್ಮೆ ಗಬ್ಬವಾಗಿತ್ತು. ಅವ್ವ ಆವತ್ತೇ ಅದನ್ನು ಬಿಚ್ಚಿ ಎದುರು ಮನೆಯ ಅತ್ತೆಯ ದೊಡ್ಡಿಯಲ್ಲಿ ಕಟ್ಟಿದಳು. ಅತ್ತೆಯ ನಾಲಿಗೆ ಸುಮ್ಮನಿರುವಂಥದ್ದಲ್ಲ.

"ಏನಮ್ಮಣಿ, ನಿನ್ನ ಎಮ್ಮೆ ನಮ್ಮ ಮನೇಗೆ ಸೊಸೆಯಾಗಿ ಬಂತಾ? ಕೆಲಸ ಒಂದೂ ಮಾಡೋದಿಲ್ಲ, ತಿನ್ನೋದು ಮಾತ್ರ ಜಾಸ್ತಿ."

"ಆಳ್ ಬರ್ಲಿ ಅತ್ತೆ, ನಿಮ್ಮ ಸೊಸೇನ ಕರ್ಕೊಂಡ್ ಹೋಗ್ತೀನಿ."

ಆಳು ಬರಲಿಲ್ಲ, ಪೊಂಗಲ್ ಬಂತು. ಮನೆಮನೆಗೂ ಸುಣ್ಣ ಹೊಡೆದು ಅಂಚಿಗೆ ಕಾವಿ ಬಳಿಯುವುದು ನಮ್ಮ ಕಡೆಯ ರೂಢಿ. ಮಗ್ಗಗಳ ಒಡೆಯನಾದ ನನ್ನ ದೊಡ್ಡಪ್ಪ ಬೀದಿಗೆಲ್ಲ ತಾನೇ ಯಜಮಾನನೆಂದು ತಿಳಿದಿದ್ದ. ಮಡಕೆಯಲ್ಲಿ ಕಾವಿ ಉಳಿದದ್ದು ಕಂಡು, "ಮನೇಗೆ ಮಾತ್ರ ಪೊಂಗಲ್ಲಾ? ಕಂಬಕ್ಕಿಲ್ವಾ?" ಎಂದು ಬೀದಿಯ ಎಲ್ಲ ಕಂಬಗಳ ನಡುವಿಗೂ ಕೆಂಪು ಪಟ್ಟೆ ಬಳಿಸಿದ. ಬೀದಿ ಲಕ್ಷಣವಾಯಿತೆಂದು ಊರು ಹೊಗಳಿತು. ನಾಲ್ಕು ಜನ ಹೊಗಳಿದರೆ ದೊಡ್ಡಪ್ಪನಿಗೆ ಬುದ್ಧಿಯ ಅಗತ್ಯವೇ ಬೀಳುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಲಾರಿ ಬಂತು. ನಾನು ಕೊಯಮತ್ತೂರಿನಲ್ಲಿ ಓದುತ್ತಿದ್ದೆ, ಅವ್ವ ಮದುವೆಗೆಂದು ವೆಳ್ಳಕೋಯಿಲಿಗೆ ಹೋಗಿದ್ದಳು. ಆಳುಗಳಿಗೆ ಕೆಂಪು ಗುರುತಿನ ಕಂಬವೆಂದು ಮಾತ್ರ ಅಪ್ಪಣೆಯಾಗಿತ್ತು. ನೋಡಿದರೆ ಎಲ್ಲಕ್ಕೂ ಗುರುತು. ಮೇಲೆ ಹತ್ತಿ ನೋಡುವುದು, ಕಚೇರಿಗೆ ಹೋಗಿ ಕೇಳುವುದು, ಎರಡೂ ಅವರ ಘನತೆಗೆ ಕಡಿಮೆ. ದೊಡ್ಡಪ್ಪ ಮಜ್ಜಿಗೆ ಕೊಟ್ಟ. ಮಜ್ಜಿಗೆ ಕುಡಿದಲ್ಲೇ, ಅವನ ಬಾಗಿಲ ಮುಂದಿನ ಕಂಬದಿಂದ ಗಟ್ಟಿಮುಟ್ಟಾದ ಪಿಂಗಾಣಿಗಳನ್ನು ಕಿತ್ತು ಹೊಸತು ಕೂರಿಸಿ ಹೊರಟುಹೋದರು.

ಅವ್ವ ಬಂದೊಡನೆ ದೊಡ್ಡಪ್ಪ ಜಗಲಿಯಿಂದಲೇ ಕೂಗಿದನಂತೆ: "ಅಮ್ಮಣಿ, ಕಂಬ ರಿಪೇರಿ ಆಯ್ತು. ನಾನೇ ನಿಂತು ಮಾಡಿಸ್ದೆ. ಎಮ್ಮೆ ತಂದು ಕಟ್ಕೋ."

ಅವ್ವ ತಂದು ಕಟ್ಟಿದಳು.

ಏಪ್ರಿಲಿನ ಮೊದಲ ಮಳೆಗೆ ಎಮ್ಮೆ ಗೂಟದಲ್ಲೇ ಸತ್ತಿತು. ಅದರ ಮೈ ಕಂಬಕ್ಕೆ ಒರಗಿತ್ತು, ಹೊಟ್ಟೆಯಲ್ಲಿ ಕರುವಿತ್ತು. ಸುದ್ದಿ ತಿಳಿದು ಊರಿಗೆ ಬಂದ ನಾನು ನೆಟ್ಟಗೆ ಜಗಲಿಗೆ ಹೋದೆ.

"ಬಿರುಕು ಬಿಟ್ಟದ್ದು ನಮ್ಮ ಕಂಬ ತಾನೆ ದೊಡ್ಡಪ್ಪ? ನಿಮ್ಮ ಕಂಬಕ್ಕೇಕೆ ಮಾಡಿಸ್ದ್ರಿ?"

ಅವನು ಎಲೆಯಡಿಕೆ ಉಗಿದು ಬಂದು ಕುಳಿತ. "ಕಂಬ ಯಾವ್ದಾದ್ರೆ ಏನ್ರಾ? ಕರೆಂಟ್ ಒಂದೇ ತಾನೆ?"

ಇಂಥವನನ್ನು ಕೇಳದೆ ನಮ್ಮ ಬೀದಿಯಲ್ಲಿ ಹೆಣ್ಣು ಕೊಡುತ್ತಿರಲಿಲ್ಲ, ತರುತ್ತಿರಲಿಲ್ಲ.

ಮಾರನೆಯ ಬೆಳಗ್ಗೆ ಅದೇ ಜೀಪು ಬಂತು. ತಿಂಗಳುಗಟ್ಟಲೆ ಆಗದಿದ್ದ ಕೆಲಸ, ಎದುರು ಮನೆಯ ಅತ್ತೆ ಅವರಿಗೆ ತಂದಿಟ್ಟ ಕಾಫಿ ಆರುವುದರೊಳಗೆ ಮುಗಿಯಿತು. ಕಾಫಿ ಕುಡಿದ ಮೇಲೆ ಅಧಿಕಾರಿಗೆ ಕರ್ತವ್ಯ ನೆನಪಾಯಿತು. ಅವ್ವನ ಕಡೆ ತಿರುಗಿ, ಮಾರ್ಕ್ ಹಾಕಿದ ಕಂಬದ ಪಕ್ಕ ಯಾರಾದರೂ ಎಮ್ಮೆ ಕಟ್ಟುತ್ತಾರೆಯೇ, ನಿಮಗೆಲ್ಲ ಕಣ್ಣಿಲ್ಲವೇ ಎಂದು ತಮಿಳಿನಲ್ಲಿ ಗದರಿದರು.

ಅವ್ವ ಬೀದಿಯ ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿದಳು. ಅವರ ತಮಿಳಿಗೆ ನಮ್ಮ ಮನೆಯ ಕನ್ನಡದಲ್ಲೇ ಉತ್ತರ ಕೊಟ್ಟಳು.

"ಯಾವ ಕಂಬಕ್ಕೆ ಮಾರ್ಕ್ ಇಲ್ಲ ಸಾರ್? ಅದ್ನ ತೋರ್ಸಿ, ಅಲ್ಲೇ ಕಟ್ತೀನಿ."

ಅಷ್ಟು ಹೇಳಿ ಬಗ್ಗಿ ಗೂಟ ಅಲ್ಲಾಡಿಸತೊಡಗಿದಳು. ನೆನೆದ ಮಣ್ಣಿನಿಂದ ಅದು ಸುಲಭವಾಗಿ ಕಿತ್ತುಬಂತು.