ನಾನು ಹುಟ್ಟಿಸಿದ ರೋಗಿ

ಇಲ್ಲದ ರೋಗಿಯೊಬ್ಬನನ್ನು ನಾನು ಹುಟ್ಟಿಸಿದೆ. ಅವನಿಗೊಬ್ಬ ಅಣ್ಣನನ್ನು ಕೊಟ್ಟೆ, ಆಪರೇಷನ್ ಮಾಡಿಸಿದೆ, ಆಮೇಲೆ ಗಾಯದಲ್ಲಿ ಕೀವು ತುಂಬಿಸಿ ನರಳಿಸಿದೆ. ಎಲ್ಲವನ್ನೂ ಒಂದೇ ಉಸಿರಿನಲ್ಲಿ, ಒಂದು ವಾದ ಗೆಲ್ಲುವುದಕ್ಕೆ. ಅವನನ್ನು ನಂಬಿ ನನ್ನ ಭಾವ ತಮ್ಮ ಚಿಕಿತ್ಸೆಯನ್ನು ಬಿಟ್ಟರು. ಅವರು ಬಿಟ್ಟಿದ್ದರಿಂದ ನನ್ನ ಅಕ್ಕ— ಇಲ್ಲ, ಒಂದೊಂದಾಗಿ ಹೇಳುತ್ತೇನೆ. ಹೆಸರುಗಳನ್ನಷ್ಟೇ ಬದಲಿಸಿದ್ದೇನೆ. ಉಳಿದದ್ದೆಲ್ಲ ನಡೆದದ್ದು, ನಡೆಸಿದವನು ನಾನು.

ಭಾವನ ಹೆಸರು ನಾಗೇಶ ಎಂದಿಟ್ಟುಕೊಳ್ಳಿ, ಅಕ್ಕನದು ಶೋಭಾ. ಭಾವನಿಗೆ ಮಂಡಿ ಮೊಹಲ್ಲಾದಲ್ಲಿ ನೀರೆತ್ತುವ ಪಂಪುಗಳ ಅಂಗಡಿ, ಮನೆ ಕೆಸರೆಯಲ್ಲಿ. ಅವರಿಗೊಬ್ಬಳು ಮಗಳು. ಕಾನೂನು ಓದುವಾಗ ನಾನು ಅವರ ಮನೆಯಲ್ಲೇ ಇದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ತಂದ ಕಪ್ಪುಗಳನ್ನು ಒರೆಸಿ ಜೋಡಿಸಿಡುತ್ತಿದ್ದವರು ಅವರೇ. ಮನೆಗೆ ಬಂದವರಿಗೆಲ್ಲ, "ನಮ್ ಬಾಮೈದ ಕಣ್ರೀ. ಇವನಿಗೆ ಬಾಯಿ ಕೊಟ್ರೆ ಮನೆ ಬರ್ಕೊಟ್ಟು ಹೋಗ್ಬೇಕು, ಹುಷಾರು!" ಎನ್ನುವರು.

ಆ ಮನೆಯಲ್ಲಿ ನಾವೇ ಮಾಡಿಕೊಂಡ ಒಂದು ಪದ್ಧತಿಯಿತ್ತು. ದೊಡ್ಡ ತೀರ್ಮಾನ ಏನೇ ಇರಲಿ, ಭಾವ ಅದರ ಪರ, ನಾನು ವಿರೋಧ, ಅಕ್ಕ ತೀರ್ಪುಗಾರ್ತಿ. ಫ್ರಿಜ್ಜು ನನಗೇ ಬೇಕಾಗಿದ್ದರೂ ನಾನು ಫ್ರಿಜ್ಜಿನ ವಿರುದ್ಧ ಮಾತಾಡಬೇಕು. ನನ್ನ ಏಟು ತಿಂದೂ ಆ ವಿಷಯ ನಿಂತಿತೆಂದರೆ ವಸ್ತು ಮನೆಗೆ ಬರುತ್ತದೆ. ವಾದದಲ್ಲಿ ಫ್ರಿಜ್ಜು ನಿಂತಿತು. ಹೊಸ ಸ್ಕೂಟರು ಬಿತ್ತು. ಮಗಳ ಶಾಲೆಯ ಚರ್ಚೆಯಂತೂ ಊಟ ಆರಿಹೋಗುವವರೆಗೆ ನಡೆದು, "ಸಾಕು, ಇಬ್ರೂ ಬಾಯಿ ಮುಚ್ಕೊಂಡು ತಟ್ಟೆ ಹಾಕ್ಕೊಳ್ಳಿ" ಎಂದು ಅಕ್ಕ ಎದ್ದುಹೋದಳು. ನಗುನಗುತ್ತಲೇ ನಡೆಯುತ್ತಿದ್ದ ಆಟ. ಆದರೆ ಭಾವನಿಗೆ ಅದು ಪೂರ್ತಿ ಆಟವಾಗಿರಲಿಲ್ಲ. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ ಅವರು ನನ್ನ ತರ್ಕವನ್ನು ಒಂದು ಪರೀಕ್ಷಾಯಂತ್ರವೆಂದು ನಂಬಿದ್ದರು— ಒಳಗೆ ಹಾಕಿದರೆ ಸುಳ್ಳು ಉದುರಿಹೋಗುತ್ತದೆ, ನಿಜ ಮಾತ್ರ ಉಳಿಯುತ್ತದೆ ಎಂದು.

ಅವರು ಹಾಗೆ ನಂಬುವುದಕ್ಕೆ ಕಾರಣವೂ ಇತ್ತು. ನಾಲ್ವತ್ತು ತುಂಬುವ ಮೊದಲೇ ಅವರಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಯಾರೋ ಹೇಳಿದರೆಂದು ಒಂದು ಲೇಹ್ಯದ ಡಬ್ಬಿ ತಂದಿದ್ದರು. ಅದರ ಮೇಲೆ ಅಚ್ಚಾದ ಒಂದೊಂದು ವಾಕ್ಯವನ್ನೂ ನಾನು ಕಿತ್ತುಹಾಕಿದೆ. ಡಬ್ಬಿ ಅವತ್ತೇ ಚರಂಡಿ ಸೇರಿತು. ಅದು ನಾನು ಮಾಡಿದ ಒಳ್ಳೆಯ ಕೆಲಸ, ಒಪ್ಪುತ್ತೇನೆ. ಆ ಒಳ್ಳೆಯ ಕೆಲಸದಿಂದಲೇ ಮುಂದಿನದಕ್ಕೆ ನನಗೆ ಅಧಿಕಾರ ಸಿಕ್ಕಿತು.

ಮೂರು ವರ್ಷದ ಹಿಂದಿನ ಒಂದು ಭಾನುವಾರ. ಅಷ್ಟು ಹೊತ್ತಿಗೆ ನಾನು ವಕೀಲನಾಗಿ, ಊರಿನ ಇನ್ನೊಂದು ತುದಿಯ ಬೋಗಾದಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೆ. ಭಾವ ಅಂಗಡಿಗೆ ಕರೆಸಿಕೊಂಡರು. ಶಟರ್ ಅರ್ಧ ಇಳಿಸಿ, ಎರಡು ಸ್ಟೂಲು ಹಾಕಿ, ಟೀ ತರಿಸಿದರು.

"ಒಂದ್ ವಿಷಯ ಐತೆ ಕಣೋ ಲಾಯರ್. ನಾನ್ ಪರ, ನೀನ್ ವಿರೋಧ. ಆದ್ರೆ ಈ ಸಲ ತೀರ್ಪುಗಾರ್ತಿ ಇಲ್ಲ. ಅವಳಿಗೆ ಗೊತ್ತಾಗ್ಕೂಡ್ದು, ಈಗ್ಲೇ."

ಆಮೇಲೆ ಹೇಳಿದರು. ನನ್ನ ಮುಖ ನೋಡಲಿಲ್ಲ. ಎದುರಿಗಿದ್ದ ಪಂಪಿನ ಪೆಟ್ಟಿಗೆ ನೋಡುತ್ತಾ ಹೇಳಿದರು. ಗಂಡ ಹೆಂಡಿರ ನಡುವಿನದು ನಿಂತುಹೋಗಿ ಬಹಳ ಕಾಲವಾಗಿತ್ತು. ಸಕ್ಕರೆ ನರಗಳನ್ನು ತಿಂದಿತ್ತು. ಮಾತ್ರೆ ನುಂಗಿ ನೋಡಿದ್ದರು, ಚುಚ್ಚುಮದ್ದು ಚುಚ್ಚಿಕೊಂಡು ನೋಡಿದ್ದರು— ಎಲ್ಲ ಅಕ್ಕನಿಗೆ ಕಾಣದ ಹಾಗೆ. ಏನೂ ಆಗಲಿಲ್ಲ. ಡಾಕ್ಟರು ಈಗ ಇಂಪ್ಲಾಂಟ್ ಎಂದಿದ್ದರು. ಶಿಶ್ನದೊಳಗೆ ಎರಡು ಕೊಳವೆ, ಕೆಳಗೆ ಬೀಜದ ಚೀಲದಲ್ಲಿ ಒಂದು ಪುಟ್ಟ ಪಂಪು, ಹೊಟ್ಟೆಯಲ್ಲಿ ನೀರಿನ ಚೀಲ. ಬೇಕಾದಾಗ ಒತ್ತಿದರೆ ನಿಮಿರುತ್ತದೆ, ಬೇಡವಾದಾಗ ಇಳಿಯುತ್ತದೆ.

"ಹೊರಗಡೆ ಏನೂ ಕಾಣಲ್ವಂತೆ. ನೋಡು, ಜೀವಮಾನವೆಲ್ಲಾ ಪಂಪ್ ಮಾರಿದವನಿಗೆ ದೇವರು ಕೊನೇಗೆ ಒಂದು ಪಂಪ್ ಫಿಟ್ ಮಾಡ್ತಾವ್ನೆ" ಎಂದು ನಕ್ಕರು. ನಾನು ನಗಬೇಕೆಂದು ಕಾದರು. ನಗಲಿಲ್ಲ.

ವಾದ ಶುರುಮಾಡಿದೆ. ಮಾಡಿಸಿಕೊಂಡ ಮೇಲೆ ಹಿಂದಕ್ಕೆ ಹೋಗಲು ಆಗುವುದಿಲ್ಲ, ಒಳಗಿನ ಅಂಗಾಂಶ ಹೋದಂತೆಯೇ— ಗೊತ್ತೇ?

"ಹಿಂದಕ್ ಹೋಗಕ್ಕೆ ಅಲ್ಲೇನೋ ಐತೆ?"

ಸಕ್ಕರೆ ಕಾಯಿಲೆಯವರಿಗೆ ಸೋಂಕಿನ ಭಯ ಹೆಚ್ಚು.

"ಅದಕ್ಕೇ ಅನ್ನ ಬಿಟ್ಟಿರೋದು. ಸಕ್ಕರೆ ಹತೋಟಿಗೆ ಬಂದ್ರೆ ಮಾಡ್ತೀನಿ ಅಂದ್ರು, ಬಂದೈತೆ."

ಯಂತ್ರ ಕೆಡುತ್ತದೆ.

"ಕೆಡದೇ ಇರೋ ಪಂಪ್ ನಾನಂತೂ ಮಾರಿಲ್ಲ. ವರ್ಷಾನುಗಟ್ಲೆ ಬಾಳುತ್ತೆ ಅಂದವ್ರೆ, ಕೆಟ್ರೆ ಬದಲಾಯಿಸ್ತಾರೆ."

ಯಂತ್ರದಿಂದ ಬರುವ ಸುಖ ಸುಖವೇ?

"ಸುಖ ಅದ್ರದ್ದಲ್ಲ, ನಂದೇ ಕಣೋ. ನಿಲ್ಲಿಸೋದಷ್ಟೇ ಅದ್ರ ಕೆಲಸ. ನೀನ್ ಕನ್ನಡಕ ಹಾಕ್ಕಂಡಿದೀಯಲ್ಲ, ನೋಡೋವ್ನು ನೀನೋ ಕನ್ನಡಕವೋ?"

ನಾನು ಸೋಲುತ್ತಿದ್ದೆ. ಅವರು ಎಲ್ಲವನ್ನೂ ಕೇಳಿ ತಿಳಿದುಕೊಂಡು ಬಂದಿದ್ದರು. ನಾನು ಒಂದು ಪುಟವನ್ನೂ ಓದಿರಲಿಲ್ಲ. ಸೋಲು ಒಂದೇ ಕಾರಣವೆಂದರೆ ಅದೂ ಅರ್ಧ ಸುಳ್ಳಾಗುತ್ತದೆ. ಅಕ್ಕನ ಹಾಸಿಗೆಯ ಬಗ್ಗೆ ನಾನು ಯೋಚಿಸಬೇಕಾಗಿ ಬಂದದ್ದು— ಅದು ನನಗೆ ತಡೆಯಲಾಗಲಿಲ್ಲ. ಮೈಯೆಲ್ಲಾ ಕಿವಿಯಾಗಿ, ಆ ಕಿವಿಯನ್ನು ಮುಚ್ಚಿಕೊಳ್ಳಬೇಕೆನಿಸುವಂಥ ನಾಚಿಕೆ. ಮಾತು ಮುಗಿದರೆ ಸಾಕಿತ್ತು. ಅವರೋ ಉತ್ಸಾಹದಲ್ಲಿದ್ದರು. "ಡಾಕ್ಟ್ರು ಮುಂದಿನ ಸಲ ಮನೆಯವ್ರನ್ನೂ ಕರ್ಕೊಂಡ್ ಬನ್ನಿ, ಇಬ್ರಿಗೂ ಸೇರಿಸಿ ಹೇಳ್ಬೇಕು ಅಂದವ್ರೆ. ನಿನ್ ಹತ್ರ ಗೆದ್ಬುಟ್ರೆ, ಈ ವಾರ ಅವಳಿಗೆ ಹೇಳ್ಬುಡ್ತೀನಿ."

ಆಗ ನಾನು ಹೇಳಿದೆ. ಚರ್ಚಾಸ್ಪರ್ಧೆಗೆ ಹೋದವರಿಗೆ ಈ ಅಭ್ಯಾಸ ಗೊತ್ತಿರುತ್ತದೆ— ವಾದ ಕುಸಿಯುವಾಗ ಒಂದು ಉದಾಹರಣೆ ಎಸೆಯುವುದು. ಎದುರಾಳಿ ಹೋಗಿ ಪರೀಕ್ಷಿಸಲಾಗದಂಥ, ಹತ್ತಿರದ, ರಕ್ತಮಾಂಸ ಇರುವ ಉದಾಹರಣೆ. ವೇದಿಕೆಯ ಮೇಲೆ ನಾನದನ್ನು ಎಷ್ಟು ಸಲ ಮಾಡಿದ್ದೆನೋ.

"ನಮ್ಮ ಮನೆ ಓನರ್ ತಮ್ಮನಿಗೆ ಇದನ್ನೇ ಹಾಕಿದ್ರು ಭಾವ. ಸೋಂಕಾಗಿ ಎಲ್ಲಾ ಕಿತ್ತು ತೆಗೀಬೇಕಾಯ್ತು. ಈಗ ಒಂದಕ್ಕೂ ನಳಿಕೆ. ಮನುಷ್ಯ ಹಾಸಿಗೆ ಬಿಟ್ಟು ಏಳೋದಿಲ್ಲ."

ಭಾವನ ಕೈಯಲ್ಲಿದ್ದ ಟೀ ಲೋಟ ಹಾಗೇ ನಿಂತಿತು.

"ಹೌದೇನೋ?"

ಇಲ್ಲ ಎನ್ನಲು ಅಲ್ಲಿ ಜಾಗವಿತ್ತು, ಸಮಯವಿತ್ತು. "ಹೌದು" ಎಂದೆ.

ಅವರು ಲೋಟ ಕೆಳಗಿಟ್ಟರು. "ಗೆದ್ಬುಟ್ಟೆ ಬುಡು" ಎಂದರು. ಎದ್ದು ಶಟರ್ ಮೇಲೆತ್ತಿದರು.

ಇಷ್ಟಕ್ಕೇ ನಿಂತಿದ್ದರೆ— ವಾದದ ಕಾವಿನಲ್ಲಿ ಬಾಯಿ ಜಾರಿತು ಎನ್ನಬಹುದಿತ್ತು. ಆದರೆ ತಿಂಗಳು ಕಳೆದ ಮೇಲೆ ಅವರೇ ಫೋನ್ ಮಾಡಿದರು. "ಆ ಓನರ್ ತಮ್ಮನ್ನ ಒಂದ್ಸಲ ಮಾತಾಡ್ಸಕ್ಕೆ ಆಗುತ್ತೇನೋ? ಅವರಿಗೂ ಸಕ್ಕರೆ ಇತ್ತಾ, ಎಲ್ಲಿ ಮಾಡಿಸ್ಕೊಂಡಿದ್ರು, ಕೇಳನ ಅಂತ." ಧ್ವನಿಯಲ್ಲಿ ಇನ್ನೂ ಆಸೆ ಉಳಿದಿತ್ತು. ನನಗೆ ಅದು ಸ್ಪಷ್ಟವಾಗಿ ಕೇಳಿಸಿತು. ಆಗ ಕಾವಿರಲಿಲ್ಲ, ಎದುರಾಳಿ ಇರಲಿಲ್ಲ. ನಾನು ಬೆಳಗಿನ ಕಾಫಿ ಕುಡಿಯುತ್ತಾ ಕೂತಿದ್ದೆ. ನನ್ನ ಓನರಿಗೆ ತಮ್ಮನೇ ಇಲ್ಲ ಎಂದರೆ ಭಾವನ ಕಣ್ಣಲ್ಲಿ ನಾನು ಏನಾಗುತ್ತೇನೆ— ಇಷ್ಟೇ ನನಗೆ ಹೊಳೆದದ್ದು. "ಅವರು ಯಾರ ಜೊತೆಗೂ ಮಾತಾಡ್ತಿಲ್ಲ ಭಾವ. ಕೇಳಿದ್ರೆ ನೊಂದ್ಕೋತಾರೆ" ಎಂದೆ.

"ಪಾಪ. ಬೇಡ ಬುಡು" ಎಂದರು. ಇಲ್ಲದ ಆ ಮನುಷ್ಯನಿಗಾಗಿ ಅವರು ಮರುಗಿದ್ದು ಸುಳ್ಳಲ್ಲ.

ಆಮೇಲಿನದನ್ನು ನಾನು ದೂರದಿಂದ ನೋಡಿದೆ. ನೋಡಿದೆ ಎಂದರೂ ತಪ್ಪು— ನೋಡದ ಹಾಗೆ ಇದ್ದೆ. ಭಾವ ಮತ್ತೆ ಅನ್ನ ಉಣ್ಣತೊಡಗಿದರು, ಸಿಹಿಯನ್ನೂ ತಿಂದರು. ನಡುಮನೆಯಲ್ಲಿ ಮಲಗತೊಡಗಿದರು. ಅಂಗಡಿ ಮುಚ್ಚಿದ ಮೇಲೂ ಮನೆಗೆ ಬರುವುದು ತಡವಾಯಿತು. ಅಕ್ಕ ತಪ್ಪು ತನ್ನದೇ ಎಂದುಕೊಂಡು ತನ್ನನ್ನು ತಾನೇ ತಿದ್ದಿಕೊಳ್ಳತೊಡಗಿದಳು: ಕೂದಲಿಗೆ ಬಣ್ಣ ಹಾಕಿದಳು, ಒಂದು ಹೊತ್ತು ಊಟ ಬಿಟ್ಟು ತೂಕ ಇಳಿಸಿದಳು, ಹೊಸ ಸೀರೆ ಉಟ್ಟು ಅವರೆದುರು ಓಡಾಡಿದಳು. ಡಾಕ್ಟರ ಹತ್ತಿರ ಹೋಗೋಣ ಎಂದು ಅವಳೇ ಬಾಯಿಬಿಟ್ಟು ಕೇಳಿದಾಗ ಭಾವ, "ಅದೆಲ್ಲ ಆಗಲ್ಲ, ಬುಟ್ಬುಡು" ಎಂದರಂತೆ. ಯಾಕೆ ಆಗಲ್ಲ ಎಂದು ಹೇಳಲಿಲ್ಲ. ಹೇಳಿದ್ದರೆ ನನ್ನ ರೋಗಿಯ ಕತೆ ಹೇಳಬೇಕಿತ್ತು. ಹೆಂಡತಿಯ ಮುಂದೆ ಹಾಗೆ ಹೆದರಿದವನಾಗಿ ನಿಲ್ಲುವುದಕ್ಕಿಂತ ಮನಸ್ಸಿಲ್ಲದವನಾಗಿ ನಿಲ್ಲುವುದೇ ವಾಸಿ ಎಂದುಕೊಂಡಿರಬೇಕು.

ಈ ವರ್ಷ ಅಕ್ಕ ಮಗಳನ್ನು ಕರೆದುಕೊಂಡು ಬೋಗಾದಿಗೆ, ನನ್ನ ಮನೆಗೇ ಬಂದುಬಿಟ್ಟಳು. ಬೇರೆಯಾಗಬೇಕು, ಇಬ್ಬರೂ ಒಪ್ಪಿದ ವಿಚ್ಛೇದನದ ಅರ್ಜಿ ನೀನೇ ಬರೆ ಎಂದಳು. ಭಾವನನ್ನು ಕೇಳಿದರೆ, ಅವಳು ಹೇಳಿದ ಕಡೆ ರುಜು ಹಾಕುತ್ತೇನೆ ಎಂದರು. ನಾನು ಬರೆದೆ. ನಂಬುತ್ತೀರಾ? ಬರೆದೆ. ಒಳ್ಳೆಯ ಭಾಷೆಯಲ್ಲಿ, ಒಂದು ಅಕ್ಷರ ತಪ್ಪಿಲ್ಲದೆ. ಕೊನೆಯ ಸಲ ಕೇಳುವವನ ಹಾಗೆ, "ಇದಕ್ಕೋಸ್ಕರ ಮನೆ ಬಿಡ್ಬೇಕಾ ಅಕ್ಕ?" ಎಂದೆ.

"ಅದಕ್ಕೋಸ್ಕರ ಅಲ್ಲ ಕಣೋ" ಎಂದಳು. "ವಾಸಿ ಆಗ್ದಿದ್ರೆ ಆಗ್ದಿರ್ಲಿ, ನಾನೇನ್ ಅದನ್ನ ಕಟ್ಕೊಂಡ್ ಬಂದಿದ್ನಾ? ಒಂದೇ ಒಂದ್ ದಿನ ಆ ಮನುಷ್ಯ ನನಗೋಸ್ಕರ ಡಾಕ್ಟ್ರ ಬಾಗಿಲು ತುಳ್ದಿದ್ರೆ, ಜೀವನಪೂರ್ತಿ ಹಂಗೇ ಇದ್ಬುಡ್ತಿದ್ದೆ. ತುಳೀಲಿಲ್ಲವಲ್ಲೋ. ನಾನು ಅಷ್ಟೂ ಬೇಡವಾಗೋದ್ನಾ?"

ತುಳಿದಿದ್ದರು ಅಕ್ಕ, ಎಷ್ಟು ಸಲ ತುಳಿದಿದ್ದರು— ಆಗಲೂ ಇದನ್ನು ಹೇಳದೆ ಅರ್ಜಿಯ ಹಾಳೆಗಳನ್ನು ಜೋಡಿಸಿಟ್ಟೆ. ಮಾತನ್ನೇ ಬದುಕು ಮಾಡಿಕೊಂಡವನು.

ಮಾರನೆಯ ದಿನ ನೇರವಾಗಿ ಅಂಗಡಿಗೆ ಹೋದೆ. ಭಾವ ತುಂಬಾ ಇಳಿದಿದ್ದರು. ನಿಂತೇ ಹೇಳಿದೆ, ಕೂತರೆ ಹೇಳಲಾರೆ ಎಂಬ ಭಯಕ್ಕೆ. "ಭಾವ, ನಮ್ಮ ಓನರಿಗೆ ತಮ್ಮನೇ ಇಲ್ಲ. ಅವತ್ತು ಸೋಲ್ತಿದ್ದೆ, ಅದಕ್ಕೆ ಹೇಳ್ದೆ."

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೈಯಲ್ಲಿದ್ದ ಸ್ಪ್ಯಾನರನ್ನು ಮೆತ್ತಗೆ ಮೇಜಿನ ಮೇಲಿಟ್ಟರು. ಹೊಡೆಯುತ್ತಾರೆಂದುಕೊಂಡೆ, ಹೊಡೆಯಲಿ ಎಂದು ಬೇಡಿಕೊಂಡೆ.

"ಶೋಭಂಗೆ ಹೇಳ್ಬೇಡ" ಎಂದರು. "ನಾನಂತೂ ಹೋದೆ. ನೀನೂ ಹೋದ್ರೆ ಅವಳಿಗೆ ಇನ್ಯಾರವ್ರೆ?"

ಅದು ಕ್ಷಮೆಯೂ ಅಲ್ಲ, ಶಿಕ್ಷೆಯೂ ಅಲ್ಲ. ತಪ್ಪಿಸಿಕೊಳ್ಳಲು ನನಗೊಂದು ಹಿಂದಿನ ಬಾಗಿಲು ತೋರಿಸಿದರು, ಅಷ್ಟೇ. ಎಂಥ ಅನುಕೂಲದ ವಾದ ನೋಡಿ— ಹೇಳದಿರುವುದೇ ಅಕ್ಕನಿಗೆ ಉಪಕಾರ! ವೇದಿಕೆಯ ಮೇಲಾಗಿದ್ದರೆ ಅದನ್ನು ಹಿಡಿದು ಅರ್ಧ ಗಂಟೆ ಮಾತಾಡುತ್ತಿದ್ದೆ. ಬೋಗಾದಿಗೆ ಮರಳುವ ದಾರಿಯುದ್ದಕ್ಕೂ ಅದು ನನ್ನ ತಲೆಯೊಳಗೆ ತಾನೇ ಮಾತಾಡುತ್ತಿತ್ತು, ನಾನು ಕಲಿಸಿದ ಧ್ವನಿಯಲ್ಲೇ.

ಮನೆಗೆ ಹೋಗಿ ಹೇಳಿದೆ. ಎಲ್ಲ. ಮಾತ್ರೆ, ಚುಚ್ಚುಮದ್ದು, ಬಿಟ್ಟ ಅನ್ನ, ಅಂಗಡಿಯ ಭಾನುವಾರ, ಆಮೇಲಿನ ಫೋನು. ಅಕ್ಕ ಕೇಳಿದಳು:

"ಡಾಕ್ಟ್ರು ನನ್ನನ್ನೂ ಕರ್ಕೊಂಡು ಬನ್ನಿ ಅಂದಿದ್ರಾ?"

"ಹೌದು."

"ಕರ್ಕೊಂಡ್ ಹೋಗೋಕೆ ಒಪ್ಕೊಂಡಿದ್ರಾ ಇವ್ರು?"

"ಆ ವಾರವೇ ನಿನಗೆ ಹೇಳೋರಿದ್ರು."

"ಇಷ್ಟ್ ದಿನ ನನ್ನೆದುರಿಗೇ ಕೂತು ಊಟ ಮಾಡ್ದೆಯಲ್ಲೋ" ಎಂದಳು.

ಮಗಳನ್ನು ಕರೆದಳು, ಚಪ್ಪಲಿ ಮೆಟ್ಟಿದಳು. ಆಟೋ ತರುತ್ತೇನೆಂದು ಎದ್ದೆ. "ನೀನ್ ಬರ್ಬೇಡ" ಎಂದಳು. ಇಬ್ಬರೂ ಬಿಸಿಲಲ್ಲೇ ನಡೆದು ರಸ್ತೆಯ ತಿರುವು ದಾಟಿದರು. ಕೆಸರೆಯ ಮನೆಗೇ ಹೋದರು. ಅದಷ್ಟು ಗೊತ್ತು.

ಆಮೇಲೆ ಅವಳು ನನ್ನ ಫೋನು ಎತ್ತಿಲ್ಲ. ಅರ್ಜಿಗೆ ಇಬ್ಬರೂ ರುಜು ಹಾಕಿಲ್ಲ, ಬೇಡವೆಂದೂ ಹೇಳಿಲ್ಲ. ಗಂಡ ಹೆಂಡತಿ ಆ ಡಾಕ್ಟರ ಮುಂದೆ ಒಟ್ಟಿಗೆ ಕೂತಿದ್ದಾರೋ, ಒಂದೇ ಸೂರಿನ ಕೆಳಗೆ ಬೇರೆ ಬೇರೆ ಮಲಗುತ್ತಿದ್ದಾರೋ, ಕೆಟ್ಟ ಸಕ್ಕರೆಯನ್ನು ಭಾವ ಮತ್ತೆ ಇಳಿಸಬಲ್ಲರೋ, ಅಷ್ಟು ಆಸೆ ಅವರಲ್ಲಿ ಇನ್ನೂ ಇದೆಯೋ— ನನಗೆ ಗೊತ್ತಿಲ್ಲ. ಯಾರನ್ನೂ ಕೇಳಿಲ್ಲ. ಕೇಳುವವನಲ್ಲ. ಅದನ್ನು ಅವರಿಬ್ಬರೇ ತೀರ್ಮಾನಿಸಲಿ, ನನ್ನ ನಾಲಿಗೆ ಅದರ ಹತ್ತಿರ ಸುಳಿಯದಿರಲಿ.

ಹೇಳಿದ ಮೇಲೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ಆಗಿಲ್ಲ. ಇಬ್ಬರು ಮನುಷ್ಯರು ಒಬ್ಬರಿಗೊಬ್ಬರು ಬೇಕಾಗಿದ್ದೂ, ಬೇಡವಾದೆವೆಂದು ತಿಳಿದು, ಗೋಡೆಯ ಎರಡು ಕಡೆ ಮಲಗಿ ಕಳೆದ ಮೂರು ವರ್ಷ. ಅದನ್ನು ನಾನು ತೆಗೆದುಕೊಂಡೆ. ಮರಳಿ ಕೊಡಲು ನನ್ನ ಹತ್ತಿರ ಏನೂ ಇಲ್ಲ.