ಸದಾಶಿವಯ್ಯನವರ ಸ್ವಿಚ್ಚು

ಯಾದವಗಿರಿಯ ಹವ್ಯಾಸಿ ರೇಡಿಯೋ ಸಂಘದ ಅಧ್ಯಕ್ಷ ಸದಾಶಿವಯ್ಯನವರು ಇಡ್ಲಿ ಬಾಯಿಗಿಡುವ ಮೊದಲೇ ಉಪ್ಪು ಕಡಿಮೆ ಎನ್ನುವ, ಪ್ರಶ್ನೆ ಮುಗಿಯುವ ಮೊದಲೇ 'ಗೊತ್ತು ಬುಡಮ್ಮ' ಎನ್ನುವ ಆಸಾಮಿ. ಅವರ ತಾರಸಿಯಲ್ಲಿ ಎರಡು ಆಂಟೆನಾಗಳಿವೆ, ಒಂದು ಅವರದು, ಇನ್ನೊಂದು ಸಂಘದ ಸದಸ್ಯೆ ಶಿವಾನಿ ಕಟ್ಟಿದ್ದು. ರಿಸೀವರ್ ಮಾತ್ರ ಒಂದೇ. ಬೇಕಾದ ಆಂಟೆನಾಕ್ಕೆ ಸ್ವಿಚ್ ತಿರುಗಿಸಿಕೊಳ್ಳಬೇಕು. ಆದರೆ ಬಂದ ಸದ್ದನ್ನೆಲ್ಲ ಅದಕ್ಕೆ ಜೋಡಿಸಿದ ಕಂಪ್ಯೂಟರು ಸಾಲಾಗಿ ನಿಲ್ಲಿಸಿಕೊಂಡು ಆಮೇಲೆ ಕೇಳಿಸುವುದರಿಂದ, ಸ್ವಿಚ್ ತಿರುಗಿದ ಮೇಲೂ ಸ್ವಲ್ಪ ಹೊತ್ತು ಹಳೆಯ ಆಂಟೆನಾದ ಸದ್ದೇ ಬರುತ್ತಿರುತ್ತದೆ. ಅಷ್ಟು ಕಾಯುವ ಪೈಕಿಯೇ ಇವರು? ಶಿವಾನಿಯದರಿಂದ ತಮ್ಮದಕ್ಕೆ ತಿರುಗಿಸಿ, ಇನ್ನೂ ಅವಳದೇ ಸ್ಪಷ್ಟ ಖಣಖಣ ಕೇಳುತ್ತಿರುವಾಗ, 'ನೋಡ್ರಪ್ಪಾ, ಇದು ನಂದು!' ಎಂದು ಕೊಚ್ಚಿಕೊಳ್ಳಲು ಶುರು. ಆ ಗದ್ದಲದಲ್ಲಿ ಅವರ ಆಂಟೆನಾದ ಗೊರಗೊರ ಯಾರ ಕಿವಿಗೂ ಬೀಳುವುದಿಲ್ಲ. ಮತ್ತೆ ಅವಳದಕ್ಕೆ ತಿರುಗಿಸಿದಾಗ ಬರುವುದು ಉಳಿದ ಗೊರಗೊರ. 'ಇದು ನಿಂದು ಕಣಮ್ಮ!' 'ಸ್ವಲ್ಪ ತಡೀರಿ ಸರ್, ಒಳಗಿರೋದು ಹಳೇದು' ಎಂದು ಶಿವಾನಿ ಹೇಳಿದರೆ, 'ನಂಗೂ ಕಿವಿ ಇದೆ' ಎಂಬ ಗದರಿಕೆ. ಭಾನುವಾರ ಅವಳ ಆಂಟೆನಾ ಕಳಚುವುದೆಂದು ಸಂಘದಲ್ಲಿ ತೀರ್ಮಾನವೂ ಆಯಿತು. ಪೆದ್ದ ಮುದುಕ ಎಂದು ಗೊಣಗಿಕೊಂಡೇ ಶಿವಾನಿ ಆ ಭಾನುವಾರ ಎಲ್ಲರಿಗಿಂತ ಮೊದಲು ಮೆಟ್ಟಿಲು ಹತ್ತಿ ರೇಡಿಯೋ ಕೋಣೆಯ ಬಾಗಿಲಲ್ಲಿ ನಿಂತಳು. ಒಳಗೆ ಸದಾಶಿವಯ್ಯನವರು ಒಬ್ಬರೇ, ಸ್ವಿಚ್ಚನ್ನು ಅವಳ ಆಂಟೆನಾಕ್ಕೆ ತಿರುಗಿಸಿ, ಕಣ್ಣು ಮುಚ್ಚಿ, ಗೊರಗೊರವೆಲ್ಲ ಖಾಲಿಯಾಗುವ ತನಕ ಕಾಯುತ್ತ ಕೂತಿದ್ದರು. ಸದ್ದು ತಿಳಿಯಾಯಿತು. ಅವರು ಮೆಲ್ಲನೆ ತಲೆದೂಗಿದರು. ಅವಳ ಚಪ್ಪಲಿ ಸದ್ದಾದದ್ದೇ ತಡ, ಸ್ವಿಚ್ಚು ಪಟಕ್ಕನೆ ತಮ್ಮ ಕಡೆಗೆ ತಿರುಗಿತು. 'ಬಾಮ್ಮ, ಬಾ. ನಂದು ಹೆಂಗೆ ಕೇಳ್ತಾ ಇದೆ ನೋಡು!'